ಕೈ ಕಿವಿ ಮುಟ್ಟುವ ತನಕ

ಮುನಿರತ್ನಮ್ಮನಿಗೂ ಬೇರಿಕೆಯ ನರಸಿಂಹಪ್ಪನಿಗೂ ಬಿಡುಗಡೆ ಆದದ್ದು ಯಾಕೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ಗಂಡ ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಹೆಂಡತಿ ಬಾಯಿ ಮಾಡಿದವಳಲ್ಲ. ಆದದ್ದು ಇಷ್ಟೇ: ತಾಯಿ ತೀರಿಕೊಂಡಳೆಂದು ಮುನಿರತ್ನಮ್ಮ ಎರಡು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಆಲಸನತ್ತಂನ ತವರಿಗೆ ಬಂದಳು. ತಿಥಿ ಮುಗಿಯಿತು. ಗಂಡ ಬಂದು ಕರೆದುಕೊಂಡು ಹೋಗಲಿ ಎಂದು ಇವಳು ಕಾದಳು. ಹೋದವಳಿಗೆ ವಾಪಸು ಬರುವ ದಾರಿ ಗೊತ್ತಿಲ್ಲವೇ, ತಾನಾಗಿ ಬರಲಿ ಎಂದು ಅವನು ಕಾದ. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಮುದ್ದೆಗೆ ಸೇರಿಕೊಳ್ಳಬಹುದಾದ ದಾರಿ ಅದು. ಆ ದಾರಿಯ ಎರಡು ತುದಿಯಲ್ಲಿ ಇಬ್ಬರೂ ಬಿಗಿದುಕೊಂಡು ಕೂತರು. ಒಂದು ರಾಗಿ ಕೊಯ್ಲು ಮುಗಿದು ಇನ್ನೊಂದು ಬಿತ್ತನೆಯೂ ಆಗಿಹೋಯಿತು. ಇಬ್ಬರ ತಲೆಯ ಮೇಲೂ ಒಂದೊಂದು ಮೊಟಕಿ ಬುದ್ಧಿ ಹೇಳುವವರು ಒಬ್ಬರಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಬುದ್ಧಿ ಹೇಳುವವರ ಬದಲು ಕುಲದವರು ಸೇರಿದರು. ಕುಲದ ಯಜಮಾನ ದೊಡ್ಡವೆಂಕಟಪ್ಪ ಹೊಂಗೆಮರದ ಕೆಳಗೆ ಕಂಬಳಿ ಹಾಸಿಸಿಕೊಂಡು ಕೂತು ನರಸಿಂಹಪ್ಪನನ್ನು ಕೇಳಿದ.

"ಯಾಕ್ಲಾ ಹೋಗಿ ಕರ್ಕೊಂಡು ಬರ್ಲಿಲ್ಲ?"

"ಅವ್ಳೇ ಬತ್ತಾಳೇನೋ ಅಂತ."

"ನೀನ್ಯಾಕಮ್ಮ ಹೋಗ್ಲಿಲ್ಲ?"

"ಕರೆಯೋಕೆ ಬತ್ತಾರೇನೋ ಅಂತ," ಎಂದಳು ಮುನಿರತ್ನಮ್ಮ.

ಅಷ್ಟರಲ್ಲಿ ನರಸಿಂಹಪ್ಪನ ತಾಯಿ ಗೋವಿಂದಮ್ಮ ಎದ್ದು, "ಇಷ್ಟು ದಿನ ನಮ್ಮ ಹೊಸ್ಲು ತುಳೀದೋಳು ಇನ್ಯಾವ ಸೀಮೆ ಸೊಸೆ?" ಎಂದಳು. ಮುನಿರತ್ನಮ್ಮನ ಅಣ್ಣ ಕದಿರಪ್ಪ ಬಿಡುತ್ತಾನೆಯೇ? "ಇಷ್ಟು ದಿನ ಹೆಂಡ್ತಿ ಮಕ ನೋಡದೋನು ಇನ್ಯಾವ ಸೀಮೆ ಗಂಡ?" ಎಂದ. ಮಾತಿಗೆ ಮಾತು ಬೆಳೆಯಿತು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಯಜಮಾನ ಒಂದು ಹುಲ್ಲುಕಡ್ಡಿ ಮುರಿದು ಗಂಡನ ಕೈಗೆ ಒಂದು ತುಂಡು, ಹೆಂಡತಿಯ ಕೈಗೆ ಒಂದು ತುಂಡು ಕೊಟ್ಟೇಬಿಟ್ಟ. ಅಲ್ಲಿಗೆ ಸಂಬಂಧ ಮುಗಿದಂತೆ. ಕಡ್ಡಿ ಮುರಿಯುವ ತನಕವೂ ಮುನಿರತ್ನಮ್ಮ, ಯಾರಾದರೂ ಈಗ "ಸಾಕು, ಏಳಿ, ಮನೆಗೆ ಹೋಗಿ" ಎಂದು ಗದರುತ್ತಾರೆ ಎಂದುಕೊಂಡೇ ಇದ್ದಳು. ಯಾರೂ ಗದರಲಿಲ್ಲ. ಕೈಯಲ್ಲಿದ್ದ ತುಂಡನ್ನು ಎಸೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಸೆರಗಿನ ತುದಿಗೆ ಕಟ್ಟಿಕೊಂಡಳು.

ಉಳಿದದ್ದು ಮಗು. ಹೆಸರು ತಿಮ್ಮಕ್ಕ, ಕರೆಯುವುದು ತಿಮ್ಮಿ ಎಂದು. ಮಕ್ಕಳು ತಂದೆಯ ವಂಶಕ್ಕೆ ಸೇರಿದವರು ಎಂಬುದು ಕುಲದ ಕಟ್ಟು. ಆದರೆ ತಾಯಿಯ ಮಡಿಲು ಬಿಡದ ಕೂಸನ್ನು ಕಿತ್ತುಕೊಳ್ಳಬಾರದು ಎಂಬುದೂ ಕಟ್ಟೇ. ಕೂಸು ಎಲ್ಲಿಯವರೆಗೆ ಕೂಸು? ಹುಟ್ಟಿದ ದಿನ ಬರೆದಿಟ್ಟವರು ಯಾರೂ ಇಲ್ಲ. ಅದಕ್ಕೆ ಹಿಂದಿನಿಂದ ನಡೆದುಬಂದ ಅಳತೆಯೊಂದಿತ್ತು. ಯಜಮಾನ ಅದನ್ನೇ ಹೇಳಿದ.

"ಮಗು ಬಲಗೈ ತಲೆ ಮ್ಯಾಲಿಂದ ಬಂದು ಎಡಗಿವಿ ಮುಟ್ಟೋ ತನಕ ತಾಯಿ ಹತ್ರ ಇರ್ಲಿ. ಮುಟ್ಟಿದ ಮ್ಯಾಲೆ ಅಪ್ಪಂದು. ಅಪ್ಪನ ಮನೇಲಿ ಮಲಗಿ ಏಳ್ಬೇಕು, ಅಪ್ಪನೇ ಮದುವೆ ಮಾಡ್ಬೇಕು. ವರ್ಷ ವರ್ಷ ಯುಗಾದಿ ಆದ ಮ್ಯಾಲೆ ಕುಲ ಸೇರ್ತೀವಲ್ಲ, ಆಗ ನೋಡಾನ."

ಅಂದಿನಿಂದ ಮುನಿರತ್ನಮ್ಮನ ಬದುಕು ಮಗಳ ಒಂದು ಕೈಯ ಮೇಲೆ ನಿಂತಿತು. ಅಣ್ಣನ ಮನೆಯ ಹಿಂಬದಿಯ ಜಗುಲಿಯಲ್ಲಿ ಕೂತು ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುವುದು ಅವಳ ಕೆಲಸ. ಹೊಸೂರಿನ ಪೇಟೆಗೆ ಹೋಗುವ ಕಟ್ಟುಗಳಲ್ಲಿ ಅವಳ ಕಟ್ಟೇ ಅಚ್ಚುಕಟ್ಟು ಎನ್ನುತ್ತಿದ್ದರು. ಕೈ ಎಲೆಯ ಮೇಲೆ, ಕಣ್ಣು ಅಂಗಳದಲ್ಲಿ ಆಡುವ ತಿಮ್ಮಿಯ ತೋಳಿನ ಮೇಲೆ. ಮಗಳ ಬಳೆ ಬಿಗಿಯಾದರೆ, ಕುಪ್ಪಸದ ತೋಳು ಗಿಡ್ಡವಾದರೆ ಊಟ ಸೇರುತ್ತಿರಲಿಲ್ಲ. ಮಗಳು ಬೆಳೆಯುತ್ತಿಲ್ಲ ಎಂದು ನೆರೆಯವಳು ಯಾರಾದರೂ ಅಂದರೆ ಆಗಲೂ ಸಂಕಟ: ಬೆಳೆಯದೆ ಏನು, ನಾನು ಉಪವಾಸ ಕೆಡವಿದ್ದೀನಾ ಎಂದು ಜಗಳಕ್ಕೆ ಹೋಗುವಳು. ಜಗಳ ಮುಗಿಸಿ ಬಂದು, ತಾನು ಯಾವ ಪಕ್ಷ ಎಂದು ತಾನೇ ಗೊಂದಲಕ್ಕೆ ಬೀಳುವಳು.

ಎಣ್ಣೆನೀರಿನ ದಿನ ಇನ್ನೂ ಕಷ್ಟ. ಹರಳೆಣ್ಣೆ ಹಚ್ಚಿ ಮಕ್ಕಳ ಕೈಕಾಲು ನೀವಿ ನೀವಿ ಎಳೆದರೆ ಉದ್ದ ಬೆಳೆಯುತ್ತವೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಒಂದು ದಿನ ಹಾಗೆ ನೀವುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಅಂದಿನಿಂದ ಎಡಗೈ ಮಾತ್ರ ನೀವಿ ಬಲಗೈಯನ್ನು ಹಾಗೇ ಬಿಟ್ಟಳು. ನಾಲ್ಕು ವಾರ ಕಳೆದ ಮೇಲೆ ಮಗಳ ಒಂದು ಕೈ ಉದ್ದ ಒಂದು ಕೈ ಗಿಡ್ಡ ಆಗಿಬಿಟ್ಟರೆ ಯಾರು ಮದುವೆಯಾಗುತ್ತಾರೆ ಎಂಬ ಭಯ ಹತ್ತಿತು. ಎರಡೂ ಕೈಯನ್ನು ಪಕ್ಕಪಕ್ಕ ಇಟ್ಟು ಅಳೆದಳು. ಸಮವಾಗಿದ್ದವು. ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ಅಳುವೂ ಬಂತು. ನಗಬಾರದು, ಆದರೂ ಹೇಳುತ್ತೇನೆ, ಆ ದಿನ ತಿಮ್ಮಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನೇ ಮರೆತಿದ್ದಳು.

ಇವಳು ಇಲ್ಲಿ ಹೀಗೆ ಒದ್ದಾಡುತ್ತಿದ್ದರೆ ತಿಮ್ಮಿಗೆ ಬೇರೆಯದೇ ಚಿಂತೆ. ಬೀದಿಯ ಮಕ್ಕಳೆಲ್ಲ ಬೋರ್ಡ್ ಸ್ಕೂಲಿಗೆ ಹೋಗಿ ಜೋರಾಗಿ ಮಗ್ಗಿ ಹೇಳುವುದು ಅವಳಿಗೆ ಕೇಳಿಸುತ್ತಿತ್ತು. ತಾನೂ ಹೋಗಿ ಬಾಗಿಲಲ್ಲಿ ನಿಂತಳು. ಅಲ್ಲಿಯ ಮೇಷ್ಟರೂ ಅದೇ ಅಳತೆಯವರು. ಅವಳ ಕೈಯನ್ನು ತಲೆಯ ಮೇಲಿಂದ ಹಾಕಿಸಿ ನೋಡಿ, "ಇನ್ನೂ ಮುಟ್ಟಿಲ್ಲವಲ್ಲಮ್ಮ, ಮುಟ್ಟಿದ ದಿನ ಬಾ" ಎಂದು ಕಳಿಸಿದರು. ಸರಿ, ಬೆಳಗಾಗೆದ್ದರೆ ತಿಮ್ಮಿಗೆ ಅದೇ ಆಟ. ಗೋಡೆಗೆ ಬೆನ್ನು ಹಚ್ಚಿ ನಿಂತು, ನಾಲಿಗೆ ಕಚ್ಚಿಕೊಂಡು, ಕೈಯನ್ನು ತಲೆಯ ಮೇಲೆ ಎಳೆದೆಳೆದು ಇಳಿಸುವುದು. "ಅಮ್ಮಾ, ನೋಡು, ಇವತ್ತು ಇನ್ನೊಸಿ ಕೆಳಗೆ ಬಂತು!"

"ಸುಮ್ನಿರೇ, ಕೈ ಉಳುಕ್ತದೆ," ಎನ್ನುವಳು ತಾಯಿ. ಅದಕ್ಕಿಂತ ಹೆಚ್ಚಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಸ್ಕೂಲಿಗೆ ಹೋಗಬೇಕೆಂಬ ಕೂಸಿಗೆ, ನೀನು ಸ್ಕೂಲಿಗೆ ಹೋಗುವ ದಿನ ನನ್ನನ್ನು ಬಿಟ್ಟು ಹೋಗುತ್ತೀಯೆ ಎಂದು ಯಾವ ತಾಯಿ ಹೇಳುತ್ತಾಳೆ? ಹೇಳಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಅದೂ ತೋಚುತ್ತಿರಲಿಲ್ಲ.

ಮೊದಲ ಯುಗಾದಿಯಲ್ಲಿ ಅಳತೆ ನೋಡುವ ಮಾತೇ ಇರಲಿಲ್ಲ, ಬೆರಳು ನೆತ್ತಿ ದಾಟುತ್ತಿರಲಿಲ್ಲ. ಎರಡನೆಯ ಯುಗಾದಿ ಹೊತ್ತಿಗೆ ಗಂಡಾಂತರ ಹತ್ತಿರ ಬಂದಿತ್ತು. ಮುನಿರತ್ನಮ್ಮ ಊರಾಚೆಯ ಮುನೇಶ್ವರನ ಮುಂದೆ ನಿಂತು, "ಈ ಸಲ ಮುಟ್ಟದಂಗೆ ಮಾಡಪ್ಪಾ, ಮಗಳ ಮುಡಿ ನಿಂಗೇ ಕೊಡ್ತೀನಿ" ಎಂದು ಹರಕೆ ಹೊತ್ತಳು. ಆಮೇಲೆ ಹಬ್ಬವಲ್ಲವೇ ಎಂದು ಮಗಳ ತಲೆ ಬಾಚಿ, ದಪ್ಪನೆಯ ಕೂದಲನ್ನೆಲ್ಲ ನೆತ್ತಿಯ ಮೇಲೆ ಎತ್ತಿ ತುರುಬು ಸುತ್ತಿ, ಅದರ ಮೇಲೆ ಒಂದು ಮೊಳ ಕನಕಾಂಬರವನ್ನೂ ಸುತ್ತಿದಳು. ಬೇಕೆಂದೇ ಹಾಗೆ ಮಾಡಿದಳೋ ಅಥವಾ ಚೆಂದಕ್ಕೆಂದು ಮಾಡಿದಳೋ, ಆಣೆ ಮಾಡಿಸಿ ಕೇಳಿದರೂ ಅವಳು ಹೇಳಲಾರಳು. ಹೊಂಗೆಮರದ ಕೆಳಗೆ ತಿಮ್ಮಿಯ ಕೈ ಆ ತುರುಬನ್ನು ಹತ್ತಿ ಇಳಿಯುವಷ್ಟರಲ್ಲಿ ಸುಸ್ತಾಗಿ ಕಿವಿಗಿಂತ ಮೇಲೆಯೇ ನಿಂತಿತು.

"ಒಂದು ಬೆರಳಷ್ಟು ಬಾಕಿ ಐತೆ. ಮುಂದಿನ ವರ್ಷಕ್ಕಾಯ್ತು ಬಿಡಿ," ಎಂದ ದೊಡ್ಡವೆಂಕಟಪ್ಪ. ತಿಮ್ಮಿ ಸ್ಕೂಲು ತಪ್ಪಿತೆಂದು ಅತ್ತಳು. ಮುನಿರತ್ನಮ್ಮ ಮುನೇಶ್ವರನ ದಿಕ್ಕಿಗೆ ತಿರುಗಿ ಕೈಮುಗಿದಳು. ತುರುಬು ಮಾಡಿದ ಕೆಲಸದ ಪುಣ್ಯವೆಲ್ಲ ದೇವರ ಪಾಲಿಗೆ ಹೋಯಿತು.

ಕೈಮುಗಿದಳೇ ಹೊರತು ಮುಡಿ ಕೊಡಲು ಮನಸ್ಸು ಬರಲಿಲ್ಲ. ಅಷ್ಟು ಒಳ್ಳೆಯ ಕೂದಲು, ದೀಪಾವಳಿ ಆಗಲಿ, ಸುಗ್ಗಿ ಆಗಲಿ ಎಂದು ತಳ್ಳುತ್ತ ಬಂದಳು. ಮಾಘ ಕಳೆದ ಮೇಲೆ ತಿಮ್ಮಿಗೆ ಜ್ವರ ಬಂತು, ಮೈಮೇಲೆ ಗುಳ್ಳೆ ಎದ್ದವು. ಅತ್ತಿಗೆ, ಅಂದರೆ ಕದಿರಪ್ಪನ ಹೆಂಡತಿ, ಹಾಸಿಗೆಯ ಪಕ್ಕ ಕೂತು, "ಹರಕೆ ಹೊತ್ಕೊಂಡು ತೀರಿಸ್ದೆ ಇದ್ರೆ ಮುನೇಶ್ವರ ಸುಮ್ನೆ ಬಿಡ್ತಾನೇನೇ? ಎದ್ದೇಳು ಮೊದ್ಲು" ಎಂದಳು. ಯುಗಾದಿಗೆ ಹತ್ತು ದಿನ ಇರುವಾಗ, ಜ್ವರ ಇಳಿದ ಮಗಳನ್ನು ಮುನೇಶ್ವರನ ಮುಂದೆ ಕೂರಿಸಿದರು. ಕ್ಷೌರದ ಬಚ್ಚಪ್ಪ ಬಂದು ನುಣ್ಣಗೆ ಬೋಳಿಸಿದ. ತಲೆಗೆ ಗಂಧ ಹಚ್ಚಿದರು. ಸುತ್ತ ಬುದ್ಧಿವಂತರೇ ಇದ್ದರು: ಅಣ್ಣನಿದ್ದ, ಅತ್ತಿಗೆಯಿದ್ದಳು, ಪೂಜೆ ಮಾಡಿದವನಿದ್ದ, ಮುತ್ತುಗದ ಎಲೆ ಒಯ್ಯಲು ಬಂದವನೂ ಇದ್ದ. ಈ ಬೋಳುತಲೆಯಿಂದ ಹತ್ತು ದಿನದಲ್ಲಿ ಏನಾಗುತ್ತದೆ ಎಂದು ಒಬ್ಬರಿಗಾದರೂ ಹೊಳೆಯಬಾರದೇ? ಹೊಳೆಯಲಿಲ್ಲ.

ಹೊಳೆದದ್ದು ಹೊಂಗೆಮರದ ಕೆಳಗೆ. ಯಜಮಾನ "ಕೈ ಹಾಕಮ್ಮ" ಎಂದ. ತಿಮ್ಮಿ ಕೈಯೆತ್ತಿದಳು. ಅಡ್ಡ ಬರಲು ತುರುಬಿಲ್ಲ, ಹೂವಿಲ್ಲ, ಒಂದೆಳೆ ಕೂದಲಿಲ್ಲ. ಕೈ ನೆತ್ತಿಯ ಮೇಲಿಂದ ನೇರ ಇಳಿದು, ಎರಡು ಬೆರಳ ತುದಿ ಕಿವಿಯ ಮೇಲಂಚನ್ನು ಹಿಡಿದುಕೊಂಡವು.

"ಮುಟ್ತು! ಅಮ್ಮಾ, ಮುಟ್ತು! ನಾಳೆಯಿಂದ ಸ್ಕೂಲು!" ಎಂದು ಕೂಗಿ ತಿಮ್ಮಿ, ಎಲ್ಲರೂ ನೋಡಲಿ ಎಂದು ಕಿವಿ ಹಿಡಿದುಕೊಂಡೇ ಸುತ್ತ ತಿರುಗಿದಳು.

ಅಷ್ಟು ಖುಷಿಯಾಗಿ ತಿರುಗುತ್ತಿರುವ ಮಗಳಿಗೆ ನಗುಮುಖ ತೋರಿಸಬೇಕು ಎಂದು ಮುನಿರತ್ನಮ್ಮ ನಗಲು ಹೋದಳು, ಆಗಲಿಲ್ಲ. ಕದಿರಪ್ಪ ಎದ್ದು ನಿಂತಿದ್ದ.

"ಯಜಮಾನ್ರೆ, ಇದು ಲೆಕ್ಕಕ್ಕಿಲ್ಲ. ತಲೆ ಬೋಳ್ಸವ್ರೆ. ಕೂದ್ಲಿದ್ದಿದ್ರೆ ಮುಟ್ತಿರ್ಲಿಲ್ಲ."

"ತಲೆ ಅಂದ್ರೆ ತಲೆ ಕಣಪ್ಪ, ಕೂದ್ಲು ಅಲ್ಲ," ಎಂದಳು ಗೋವಿಂದಮ್ಮ. "ಹಿಂದ್ಲ ವರ್ಷ ಗುಡ್ಡದಂಗೆ ತುರುಬು ಕಟ್ಕೊಂಡು ಬಂದಿದ್ರಲ್ಲ, ಆಗ ನಾನೇನಾದ್ರೂ ಅಂದ್ನಾ?"

ಹಾಗಾದರೆ ಕೂದಲಿನಷ್ಟು ದಪ್ಪಕ್ಕೆ ಬಟ್ಟೆ ಮಡಿಸಿ ತಲೆಯ ಮೇಲಿಟ್ಟು ಇನ್ನೊಮ್ಮೆ ನೋಡಿ ಎಂದ ಕದಿರಪ್ಪ. ಎಷ್ಟು ಮಡಿಕೆ ಎಂದಳು ಗೋವಿಂದಮ್ಮ. ನಾಲ್ಕು ಎಂದ ಇವನು. ಎರಡು ಎಂದಳು ಅವಳು. ಪಂಚೆಯದೋ ಟವೆಲಿನದೋ ಎಂದ ಇನ್ನೊಬ್ಬ. ದೊಡ್ಡವೆಂಕಟಪ್ಪನ ವಯಸ್ಸಿನಲ್ಲಿ ಇಂಥ ವ್ಯಾಜ್ಯ ಬಂದಿರಲಿಲ್ಲ, ಅವನ ಅಪ್ಪನ ಕಾಲದಲ್ಲೂ ಬಂದದ್ದು ಕೇಳಿರಲಿಲ್ಲ. ಎರಡು ಸಲ ಎಲೆಅಡಿಕೆ ಹಾಕಿಕೊಂಡು ಎರಡು ಸಲ ಉಗಿದ. ಕೊನೆಗೆ, "ಕೂದ್ಲು ಹೋಗ್ತದೆ, ಬತ್ತದೆ. ಬೆಳೆದ ಕೈ ಹಿಂದಕ್ಕೆ ಹೋಗಲ್ಲ. ಮುಟ್ಟಿದ್ದು ಮುಟ್ತು," ಎಂದ. ಹೇಳಿದ ಮೇಲೆ ಸರಿ ಹೇಳಿದೆನೋ ಇಲ್ಲವೋ ಎಂದು ಅನುಮಾನ ಬಂತೋ ಏನೋ, ಮುನಿರತ್ನಮ್ಮನ ಕಡೆ ತಿರುಗಿದ. "ನೀನೇನಂತೀಯಮ್ಮ?"

ಮುಡಿ ಕೊಟ್ಟದ್ದು ತಪ್ಪಾಯಿತೇ? ಕೊಡದೆ ಇದ್ದಿದ್ದರೆ ಮಗು ಉಳಿಯುತ್ತಿತ್ತೇ? ದೇವರು ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡನೋ, ಇಲ್ಲ ಅವನಿಗೂ ಈ ಅಳತೆ ತಿಳಿಯದೋ? "ನಂಗೆ ಒಂದೂ ಗೊತ್ತಾಗ್ತಿಲ್ಲ ಯಜಮಾನ್ರೆ," ಎಂದಳು ಅವಳು. ಹದಿನೈದು ದಿನ ಗಡುವು ಕೊಟ್ಟು ಕುಲ ಎದ್ದಿತು.

ಕದಿರಪ್ಪ ಅಷ್ಟಕ್ಕೆ ಸುಮ್ಮನಾಗಲಿಲ್ಲ. ತಂಗಿಯನ್ನು ಇದ್ದಿಲು ಬಸ್ಸು ಹತ್ತಿಸಿಕೊಂಡು ಕೃಷ್ಣಗಿರಿಗೆ ಹೋದ. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲದೆ ಹಿಂಬದಿಯಲ್ಲಿ ಒಲೆ ಹೊತ್ತುಕೊಂಡು ಓಡುತ್ತಿದ್ದ ಬಸ್ಸು ಅದು. ಏರು ಬಂದಲ್ಲೆಲ್ಲ ಜನ ಇಳಿದು ನಡೆಯಬೇಕು. ಸೇರುವಷ್ಟರಲ್ಲಿ ವಕೀಲರು ಕೋರ್ಟಿಗೆ ಹೋಗಿದ್ದರು, ಗುಮಾಸ್ತ ಸಿಕ್ಕಿದ. ಅವನದು ತಮಿಳು. ಕದಿರಪ್ಪ ಅರ್ಧ ಕೇಳಿಕೊಂಡು ಅರ್ಧ ಊಹಿಸಿಕೊಂಡು ತಂಗಿಗೆ ಹೇಳಿದ.

"ಹುಡುಗಿಗೆ ವಯಸ್ಸೆಷ್ಟು ಅಂತ ಕೇಳ್ತಾವ್ನೆ."

"ಕೈ ಕಿವಿ ಮುಟ್ತದೆ ಅನ್ನಣ್ಣ."

ಗುಮಾಸ್ತ ಪೆನ್ನು ಕೆಳಗಿಟ್ಟ. ಕೋರ್ಟಿಗೆ ಕಿವಿ ಬೇಡ, ವರ್ಷ ಬೇಕು ಎಂದ. ಇಂಥ ಅರ್ಜಿ ಇಲ್ಲಲ್ಲ, ಸೇಲಂ ಜಿಲ್ಲಾ ಕೋರ್ಟಿಗೆ ಹೋಗಬೇಕು ಎಂದ. ಕಾನೂನಿನಲ್ಲಿ ಅಪ್ಪನೇ ಪೋಷಕ, ಆದರೆ ಮಗುವಿಗೆ ಎಲ್ಲಿ ಒಳ್ಳೆಯದೋ ಅದನ್ನೂ ಜಡ್ಜು ನೋಡುತ್ತಾರೆ, ಆದರೆ ನಿಮ್ಮ ಕುಲದ ತೀರ್ಮಾನ ಏನು ಎಂದೂ ಕೇಳುತ್ತಾರೆ ಎಂದ. ಅಷ್ಟು 'ಆದರೆ'ಗಳಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕೋ ಮುನಿರತ್ನಮ್ಮನಿಗೆ ತಿಳಿಯಲಿಲ್ಲ. ಕೊನೆಗೆ ಗುಮಾಸ್ತ ಅವಳನ್ನೇ ನೋಡಿ ಏನೋ ಕೇಳಿದ.

"ನೀನಿರೋ ಊರು ಯಾವ್ದು, ಬರ್ಕೋಬೇಕು ಅಂತಾನೆ," ಎಂದ ಕದಿರಪ್ಪ.

"ಆಲಸನತ್ತಂ. ಅಣ್ಣ, ನಾಳೆ ನಾನು ಬ್ಯಾರೆ ಊರಾಗಿದ್ರೆ?"

ಗುಮಾಸ್ತ ನಕ್ಕು, ಆಗ ಆ ಊರು ಬರೆದುಕೊಂಡರಾಯಿತು, ನೀನು ಎಲ್ಲಿರಬೇಕು ಅಂತ ಯಾವ ಕೋರ್ಟೂ ಕೇಳುವುದಿಲ್ಲ ಎಂದ. ಅಣ್ಣತಂಗಿ ಅರ್ಜಿ ಹಾಕದೆ ಹಿಂದಿರುಗಿದರು. ಬಸ್ಸು ಏರು ಹತ್ತಲಾರದೆ ನಿಂತಾಗ ಉಳಿದವರೊಡನೆ ಇಳಿದು ನಡೆದ ಮುನಿರತ್ನಮ್ಮ, ಬಸ್ಸು ಮತ್ತೆ ಹೊರಟದ್ದು ತಿಳಿಯದೆ ನಡೆಯುತ್ತಲೇ ಇದ್ದಳಂತೆ. ಕದಿರಪ್ಪ ಕೂಗಿ ಹತ್ತಿಸಿಕೊಂಡ.

ಗಡುವಿನ ದಿನ ನರಸಿಂಹಪ್ಪ ಒಬ್ಬನೇ ಬಂದ. ಈ ನಡುವೆ ಅವನು ಗಂಗರತ್ನಮ್ಮ ಎಂಬವಳನ್ನು ಮದುವೆಯಾಗಿದ್ದ, ಅವಳು ಬಸುರಿ ಎಂಬ ಸುದ್ದಿಯೂ ಬಂದಿತ್ತು. ಅವನು ಬೀಗುತ್ತ ಬರಲಿ, ಒರಟಾಗಿ ಮಗುವಿನ ರಟ್ಟೆ ಹಿಡಿಯಲಿ, ಆಗ ಬಾಯಿಗೆ ಬಂದದ್ದು ಬೈದುಬಿಡುತ್ತೇನೆ ಎಂದು ಮುನಿರತ್ನಮ್ಮ ಬೆಳಗಿನಿಂದ ಬೈಗುಳ ಜೋಡಿಸಿಟ್ಟುಕೊಂಡಿದ್ದಳು. ಅವನು ಬಾಗಿಲಾಚೆ ನಿಂತು, ಚೀಲದಿಂದ ಒಂದು ಹೊಸ ಸ್ಲೇಟನ್ನೂ ನಾಲ್ಕು ಬಳಪವನ್ನೂ ತೆಗೆದ. ಗೋಡೆಯನ್ನು ನೋಡುತ್ತ ಹೇಳಿದ, "ಅಲ್ಲೂ ಸ್ಕೂಲೈತೆ. ನಾನೇ ಬಿಟ್ಟು, ನಾನೇ ಕರ್ಕೊಂಡು ಬತ್ತೀನಿ."

ಜೋಡಿಸಿಟ್ಟ ಬೈಗುಳಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಕೆಟ್ಟವನನ್ನು ದ್ವೇಷಿಸುವುದು ಸುಲಭ. ಸ್ಲೇಟು ತಂದವನನ್ನು ಏನು ಮಾಡುವುದು? ಮುನಿರತ್ನಮ್ಮ ಒಳಗೆ ಹೋಗಿ ಮಗಳ ಲಂಗ ಕುಪ್ಪಸ ಗಂಟು ಕಟ್ಟಿದಳು. ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ತಿಮ್ಮಿ ಸ್ಲೇಟನ್ನು ಎದೆಗೆ ಅವಚಿಕೊಂಡು ಆಗಲೇ ಬೀದಿಗಿಳಿದಿದ್ದಳು. ಹೊಸ ಸ್ಕೂಲಿನ ಸಂಭ್ರಮದಲ್ಲಿ ಹಿಂದಿರುಗಿ ನೋಡಿ, "ಸಂಜೆಗೆ ಬತ್ತೀನಮ್ಮಾ!" ಎಂದು ಕೂಗಿದಳು.

"ಹೂಂ, ಬಾರವ್ವ," ಎಂದಳು ತಾಯಿ.

ಆ 'ಹೂಂ' ಅವಳನ್ನು ಕೊಂದುಹಾಕಿತು. ಎಂಟು ದಿನ ಸಂಜೆಯಾದರೆ ಸಾಕು, ಎದ್ದು ಬಾಗಿಲಿಗೆ ಹೋಗುವಳು. ಬರುವುದಿಲ್ಲ ಎಂದು ಗೊತ್ತು, ಗೊತ್ತಿದ್ದರೂ ಹೋಗುವಳು. ಅಲ್ಲಿ ಆ ಕೂಸೂ ಹೀಗೇ ಬಾಗಿಲಲ್ಲಿ ನಿಂತಿರಬಹುದು, ಅಮ್ಮ ಹೂಂ ಅಂದಿದ್ದಳಲ್ಲ ಎನ್ನುತ್ತಿರಬಹುದು. ಹಚ್ಚಿದ ಎಲೆಗಳು ವಕ್ರವಾದವು. ಒಂದು ಕಟ್ಟಂತೂ ಹಿಂದಿರುಗಿ ಬಂತು. ಅಣ್ಣ ಮಾತಾಡಿಸಿದರೆ ಉತ್ತರವಿಲ್ಲ, ಅತ್ತಿಗೆ ಬಡಿಸಿದರೆ ತಟ್ಟೆ ಹಾಗೇ. ಒಂಬತ್ತನೆಯ ಬೆಳಗ್ಗೆ ಎದ್ದು, ಯಾರಿಗೂ ಹೇಳದೆ, ದೊಡ್ಡವೆಂಕಟಪ್ಪನ ಮನೆಗೆ ನಡೆದಳು.

ಯಜಮಾನ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಇವಳನ್ನು ಕಂಡು ಗಾಬರಿಯಾದ. ಬೋಳುತಲೆಯ ವ್ಯಾಜ್ಯ ಮತ್ತೆ ಬಂತೆಂದೇ ತಿಳಿದನೋ ಏನೋ.

"ತೀರ್ಮಾನ ಆಗೋಯ್ತಲ್ಲಮ್ಮ. ಮಗು ಅಪ್ಪನ ಮನೇಲಿ ಮಲಗಿ ಏಳ್ಬೇಕು. ಅದ್ರಾಗೆ ಬದಲಿಲ್ಲ."

"ಬದಲು ಕೇಳೋಕೆ ಬಂದಿಲ್ಲ ಯಜಮಾನ್ರೆ. ನಾನೆಲ್ಲಿ ಮಲಗಿ ಏಳ್ಬೇಕು ಅಂತ ಕುಲ ಏನಾರ ಹೇಳೈತಾ?"

ದೊಡ್ಡವೆಂಕಟಪ್ಪ ಹುಲ್ಲು ಹಿಡಿದುಕೊಂಡೇ ನಿಂತ. "ನಿಂದಾ? ನಿನ್ ಸುದ್ದಿ ಯಾರೂ ಎತ್ಲಿಲ್ವಲ್ಲ."

"ಬೇರಿಕೇಲಿ ಇರ್ಬಾರ್ದು ಅಂತ ಹೇಳೈತಾ?"

"ಅವ್ನ ಹೊಸ್ಲು ತುಳೀಬಾರ್ದು."

"ತುಳಿಯಲ್ಲ. ಊರು ತುಳೀಬೋದಾ?"

ಎಮ್ಮೆ ಅವನ ಕೈಯಿಂದ ಹುಲ್ಲು ಎಳೆದುಕೊಂಡಿತು. ಯಜಮಾನ ತಲೆ ಕೆರೆದುಕೊಂಡ. "ಅದ್ಕೆ ಕಟ್ಟು ಇಲ್ಲ ಕಣಮ್ಮ. ಯಾವ ಹೆಂಗ್ಸೂ ಹಿಂಗೆ ಕೇಳಿಲ್ಲ. ಬೇಡ ಅನ್ನೋಕೂ ನಂಗೆ ಬಾಯಿಲ್ಲ, ಹೂಂ ಅನ್ನೋಕೂ ಬಾಯಿಲ್ಲ. ನಿಂಗೆ ಹೆಂಗೆ ತೋಚ್ತದೋ ಹಂಗೆ ಮಾಡು."

ಹೆಂಗೆ ತೋಚುತ್ತದೋ ಎಂದರೆ, ಅವಳಿಗೆ ಏನೂ ತೋಚಿರಲಿಲ್ಲ. ಎಲ್ಲಿ ಇರುವುದು, ಏನು ಉಣ್ಣುವುದು, ಅವರು ಕಲ್ಲು ಹೊಡೆದರೆ ಏನು ಮಾಡುವುದು, ಮಗಳೇ ಬೇಡ ಎಂದರೆ? ಆದರೂ ಕಾಲುಗಳು ಮಾತ್ರ ಯೋಚಿಸದೆ ಬೇರಿಕೆಯ ದಾರಿ ಹಿಡಿದವು. ಇಷ್ಟು ವರ್ಷ ಆ ದಾರಿಯಲ್ಲಿ ಯಾರಾದರೂ ಬರಲಿ ಎಂದು ಕಾದವಳು ಒಂದೇ ನಡಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಊರು ಸೇರಿದಳು. ನರಸಿಂಹಪ್ಪನದು ಕೆಳಗಿನ ಬೀದಿ. ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆ ರಾಮಲಕ್ಷ್ಮಮ್ಮ ಎಂಬ ಒಂಟಿ ಹೆಂಗಸು ಇದ್ದಳು. ಮುನಿರತ್ನಮ್ಮ ಸೊಸೆಯಾಗಿದ್ದ ಕಾಲದಲ್ಲಿ ಜೊತೆಯಾಗಿ ನೀರಿಗೆ ಹೋಗುತ್ತಿದ್ದವಳು. ಇವಳು ಹೇಳಿದ್ದನ್ನೆಲ್ಲ ಕೇಳಿಕೊಂಡು, ಮನೆಯ ಪಕ್ಕಕ್ಕೆ ಮಾಡು ಇಳಿಸಿ ದನ ಕಟ್ಟುತ್ತಿದ್ದ ಚಾಚುಮನೆಯನ್ನು ತೋರಿಸಿ, "ಸಗಣಿ ಎತ್ತಿ ಸಾರಿಸ್ಕೋ. ಎಲೆ ಹಚ್ಚು, ನಾನು ಸಂತೇಲಿ ಮಾರ್ತೀನಿ," ಎಂದಳು.

ಸಾರಿಸುತ್ತಿರುವಾಗಲೇ ಸುದ್ದಿ ನಾಲ್ಕು ಮನೆ ದಾಟಿತು. ಗೋವಿಂದಮ್ಮ ಸೊಂಟಕ್ಕೆ ಕೈ ಕೊಟ್ಟು ಬೀದಿಯ ನಡುವೆ ಬಂದು ನಿಂತಳು.

"ಇದೇನೇ ರಾಮಲಕ್ಷ್ಮಿ ಇದು? ಬಿಟ್ಟೋಳನ್ನ ತಂದು ಎದುರಿಗೆ ಕೂರಿಸ್ಕೊಂಡ್ರೆ ಬಿಟ್ಟಂಗಾಯ್ತಾ?"

"ನಿನ್ ಮಗನ್ನ ಬಿಟ್ಟವ್ಳೆ ಕಣಕ್ಕ. ಬೀದಿ ಬಿಟ್ಟಿಲ್ಲ," ಎಂದಳು ರಾಮಲಕ್ಷ್ಮಮ್ಮ.

ಗೋವಿಂದಮ್ಮ ಬೈಯಲು ಬಾಯಿ ತೆರೆದಳು, ಏನೆಂದು ಕರೆದು ಬೈಯಬೇಕು ಎಂಬುದೇ ಬಗೆಹರಿಯಲಿಲ್ಲ. ಸೊಸೆಯಲ್ಲ, ನೆಂಟಳಲ್ಲ, ಪರವೂರವಳೂ ಅಲ್ಲ. ಆ ಬೀದಿಯಲ್ಲಿ ಆಮೇಲೂ ಅದು ಬಗೆಹರಿಯಲಿಲ್ಲ. ನರಸಿಂಹಪ್ಪ ಅಂದಿನಿಂದಲೇ ಗದ್ದೆಯ ಬದುವಿನ ಸುತ್ತುದಾರಿ ಹಿಡಿದು ಮನೆ ಸೇರುವ ಅಭ್ಯಾಸ ಮಾಡಿಕೊಂಡ. ಗಂಗರತ್ನಮ್ಮ ತುಂಬಿದ ಬಸುರಿ, ಕೊಡ ಎತ್ತಲಾರದೆ ಬಾವಿಯ ಹತ್ತಿರ ನಿಂತಿದ್ದಾಗ ಇವಳು ಹೋಗಿ ಎತ್ತಿಕೊಟ್ಟಳು. ಅವಳ ಬಾಯಿಂದ "ಅಕ್ಕಾ" ಎಂದು ಬಂತು. ಬಂದದ್ದಕ್ಕೆ ಇಬ್ಬರೂ ತಬ್ಬಿಬ್ಬಾಗಿ ಬೇರೆ ಬೇರೆ ದಿಕ್ಕು ನೋಡಿದರು.

ಅಂದೇ ಸಂಜೆ ಸ್ಕೂಲು ಬಿಟ್ಟಿತು. ಅಪ್ಪ ಬೀದಿಯ ತುದಿಯಲ್ಲೇ ಬಿಟ್ಟು ಸುತ್ತುದಾರಿ ಹಿಡಿದದ್ದರಿಂದ ಸ್ಲೇಟು ಹಿಡಿದು ಒಬ್ಬಳೇ ಬರುತ್ತಿದ್ದ ತಿಮ್ಮಿ ಚಾಚುಮನೆಯ ಮುಂದೆ ತಾಯಿಯನ್ನು ಕಂಡು ನಿಂತುಬಿಟ್ಟಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದಳು ಮುನಿರತ್ನಮ್ಮ. ತಿಮ್ಮಿ ಬರಲಿಲ್ಲ. ದೂರದಲ್ಲೇ ನಿಂತು ತಾಯಿಯನ್ನು ನೋಡಿದಳು, ಆಚೆಯ ಮನೆ ನೋಡಿದಳು.

"ನೀನು ಹೂಂ ಅಂದಿದ್ದೆ," ಎಂದಳು. "ನಾನು ಸಂಜೆಗೆ ಹೊರಟೆ. ದೂರ ಐತೆ, ಆಗಲ್ಲ ಅಂದ್ರು."

"ತಪ್ಪಾಯ್ತು ಕಣವ್ವ. ಅದ್ಕೇ ನಾನೇ ಬಂದೆ."

ಆಗ ಬಂದಳು. ಬಂದವಳು ತಾಯಿಯ ತೊಡೆಯ ಮೇಲೆ ಕೂತು, ಅತ್ತು, ಅಳು ನಿಂತ ಮೇಲೆ ಸ್ಲೇಟಿನ ಮೇಲೆ ಬರೆದ ಎರಡು ಅಕ್ಷರ ತೋರಿಸಿದಳು. ಮುನಿರತ್ನಮ್ಮನಿಗೆ ಓದು ಬಾರದು, ಆದರೂ ಎಷ್ಟು ದುಂಡಗಿವೆ ಎಂದಳು. ಹೊತ್ತು ಇಳಿಯಿತು. ನಾಲ್ಕು ಮನೆ ಆಚೆಯಿಂದ ಗಂಗರತ್ನಮ್ಮನ ದನಿ ಕೇಳಿತು: "ತಿಮ್ಮೀ, ಬಾರೇ, ದೀಪ ಹಚ್ಚೋ ಹೊತ್ತಾಯ್ತು."

ತಿಮ್ಮಿ ತಾಯಿಯ ಮುಖ ನೋಡಿದಳು. ಹೋಗಬೇಡ ಎನ್ನುವಂತಿಲ್ಲ, ಅಪ್ಪನ ಮನೆಯಲ್ಲೇ ಮಲಗಿ ಏಳಬೇಕು. ಅಂದು ಕದಿರಪ್ಪನ ಬಾಗಿಲಿಂದ ನರಸಿಂಹಪ್ಪ ಕರೆದುಕೊಂಡು ಹೋಗಿದ್ದ. ಇನ್ನು ದಿನಾ ಸಂಜೆ ತಾನೇ ಎಬ್ಬಿಸಿ ಕಳಿಸಬೇಕು ಎಂಬುದು ಮುನಿರತ್ನಮ್ಮನಿಗೆ ಹೊಳೆದದ್ದು ಆಗಲೇ. ಇದು ಮೇಲೋ, ಆಲಸನತ್ತಂನಲ್ಲಿ ಇದ್ದದ್ದೇ ಮೇಲೋ? ಮಗಳ ಲಂಗದ ಮಣ್ಣು ಕೊಡವಿ ಎಬ್ಬಿಸಿದಳು.

"ಹೋಗವ್ವ, ಕರೀತಾವ್ರೆ. ಬೆಳಗ್ಗೆ ಎದ್ದೋಳೇ ಇಲ್ಲಿಗೆ ಬಾ."

ತಿಮ್ಮಿ ಎರಡು ಹೆಜ್ಜೆ ಹೋಗಿ ತಿರುಗಿದಳು. "ಅಮ್ಮಾ, ಮೇಷ್ಟ್ರು ಎಲ್ಲಾರ್ದೂ ಮನೆ ಕೇಳ್ತಾರೆ. ನಾಳೆ ನನ್ನ ಕೇಳ್ತಾರೆ. ನಿನ್ನ ಮನೆ ಯಾವ್ದು ಅಂದ್ರೆ ಏನನ್ಲಿ?"

ಯಜಮಾನ ಹೇಳಿದ್ದು, ಗುಮಾಸ್ತ ಹೇಳಿದ್ದು ಎಲ್ಲ ಒಟ್ಟಿಗೆ ಅವಳ ತಲೆಯಲ್ಲಿ ಸುತ್ತಿದವು. ಅದರಲ್ಲಿ ಆರು ವರ್ಷದ ಮಗುವಿಗೆ ಕೊಡುವ ಉತ್ತರ ಒಂದೂ ಇರಲಿಲ್ಲ. ಅವಳು ಚಾಚುಮನೆ ನೋಡಿದಳು, ನಾಲ್ಕು ಮನೆ ಆಚೆ ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತಿದ್ದ ಗಂಗರತ್ನಮ್ಮನನ್ನು ನೋಡಿದಳು.

"ಮನೆ ಹೇಳ್ಬೇಡ," ಎಂದಳು. "ಕೆಳಗಿನ ಬೀದಿ ಹುಡುಗಿ ಅನ್ನು."

"ಕೆಳಗಿನ ಬೀದಿ ಹುಡುಗಿ," ಎಂದು ಒಮ್ಮೆ ಬಾಯಿಪಾಠ ಮಾಡಿಕೊಂಡು ತಿಮ್ಮಿ ಹೊರಟಳು. ಒಂದೊಂದು ಮನೆ ದಾಟಿದಾಗಲೂ ತಿರುಗಿ, ತಾಯಿ ಅಲ್ಲೇ ಇದ್ದಾಳೆಯೇ ಎಂದು ನೋಡಿದಳು. ನಾಲ್ಕು ಸಲ ತಿರುಗಿದಳು. ನಾಲ್ಕು ಸಲವೂ ಮುನಿರತ್ನಮ್ಮ ಇದ್ದಳು.